ಎತ್ತು ಬಿಚ್ಚಿದ ರಾತ್ರಿ

ಬಾಗಲಕೋಟೆಯ ನವನಗರದ ಮನೆಯಲ್ಲಿ ಮುತ್ಯಾ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡ. ಆಪರೇಶನ್ ಚೆನ್ನಾಗಿಯೇ ಆಯಿತು. ಎರಡನೆಯ ರಾತ್ರಿ ಎದ್ದು ಕುಳಿತು ಸಲೈನ್ ಪೈಪು ಕಿತ್ತ. “ಎತ್ತು ಬಿಚ್ಚ್ಯಾವ, ಹಿಡೀರೋ” ಅಂತ ಕೂಗಿದ. ನಮ್ಮ ಮನೆಯಲ್ಲಿ ಎತ್ತು ಇಲ್ಲದೆ ಇಪ್ಪತ್ತು ವರ್ಷ ಆಗಿದೆ. ಪಕ್ಕದ ಮಂಚದವರು “ಅರಳುಮರಳು, ವಯಸ್ಸಾತಲ್ಲ” ಅಂದು ಮಗ್ಗುಲು ಬದಲಿಸಿದರು.

ಅರಳುಮರಳು ವರ್ಷಗಟ್ಟಲೆ ಹಿಡಿದು ನಿಧಾನಕ್ಕೆ ಬರುವಂಥದ್ದು. ಇದು ಹಾಗಲ್ಲ. ನಿನ್ನೆ ಇರಲಿಲ್ಲ, ಇವತ್ತು ಇದೆ. ಬೆಳಿಗ್ಗೆ ಇಳಿದಂತೆ ಕಾಣುತ್ತದೆ, ಹೊತ್ತು ಮುಳುಗಿದರೆ ಮತ್ತೆ ಜಾಸ್ತಿ. ಹಳಬರು ಸನ್ನಿ ಅನ್ನುತ್ತಿದ್ದರು, ಡಾಕ್ಟರು ಡಿಲೀರಿಯಂ ಅನ್ನುತ್ತಾರೆ. ಆಪರೇಶನ್ ಆದ ಮೊದಲ ಎರಡು-ಮೂರು ದಿನಗಳಲ್ಲೇ ಇದು ಹೆಚ್ಚಾಗಿ ಶುರುವಾಗುವುದು. ಮರೆವಿಗಿಂತ ಲಕ್ಷ್ಯ ನಿಲ್ಲದಿರುವುದೇ ಇದರ ದೊಡ್ಡ ಗುರುತು.

ಮೂರನೆಯ ದಿನ ಮುತ್ಯಾ ಸುಮ್ಮನಾದ. ಕರೆದರೆ ಕಣ್ಣು ತೆರೆಯುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಗುಣವಾಯಿತು ಅಂದುಕೊಂಡು ನಾವು ಚಹಾ ಕುಡಿಯಲು ಹೋದೆವು. ಅದೂ ಸನ್ನಿಯೇ ಅಂತ ಆಮೇಲೆ ತಿಳಿಯಿತು. ಕೂಗಾಡುವವರ ಹತ್ತಿರ ಎಲ್ಲರೂ ಓಡಿ ಬರುತ್ತಾರೆ. ಮಂಕಾಗಿ ಮಲಗಿದವರನ್ನು ಯಾರು ನೋಡುತ್ತಾರೆ?

ಇದು ಮೊದಲೇ ಗೊತ್ತಾಗುವಂಥದ್ದಾ? ಸುಮಾರಾಗಿ ಹೌದು. ನಮ್ಮ ಕಡೆಯ ಮಣ್ಣಿನ ಮಾಳಿಗೆ ನೆನಪಿಸಿಕೊಳ್ಳಿ. ಗಟ್ಟಿ ಮಾಳಿಗೆ ಸೋರಬೇಕಾದರೆ ಜಡಿಮಳೆಯೇ ಬೇಕು. ಬಿರುಕು ಬಿಟ್ಟದ್ದು ನಾಲ್ಕು ಹನಿಗೇ ಸೋರುತ್ತದೆ. ಎಪ್ಪತ್ತು ದಾಟಿದ ವಯಸ್ಸು, ಮೊದಲೇ ಇರುವ ಮರೆವು, ಮಂದ ಕಣ್ಣು, ಕೇಳದ ಕಿವಿ, ಕುಡಿತ, ಓಡಾಟ ಕಡಿಮೆಯಾದ ಮೈ ಇವೆಲ್ಲ ಬಿರುಕು. ಆಪರೇಶನ್, ನೋವು, ಸೋಂಕು, ನೀರಿಲ್ಲದೆ ಒಣಗಿದ ದೇಹ, ಮೂತ್ರದ ಪೈಪು, ಕೆಲವು ನಿದ್ದೆ ಗುಳಿಗೆ ಇವು ಮಳೆ. ಬಿರುಕು ಎಷ್ಟಿದೆ ಅಂತ ಲೆಕ್ಕ ಹಾಕುವುದೇ ಈ ಭವಿಷ್ಯ.

1994ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಇಂಥ ಒಂದು ಲೆಕ್ಕ ಪ್ರಕಟಿಸಿದರು. ಮೇಲಿನ ಕೆಲವು ಬಿರುಕುಗಳ ಜೊತೆ ರಕ್ತದ ಸೋಡಿಯಂ, ಪೊಟ್ಯಾಶಿಯಂ, ಸಕ್ಕರೆ ವಿಪರೀತ ಏರುಪೇರಾಗಿದೆಯಾ, ಯಾವ ಆಪರೇಶನ್ ಎಂಬುದಕ್ಕೂ ಅಂಕ. ಕಡಿಮೆ ಅಪಾಯದ ಗುಂಪಿನಲ್ಲಿ ನೂರಕ್ಕೆ 2 ಮಂದಿಗೆ ಸನ್ನಿ ಬಂತು, ಹೆಚ್ಚು ಅಪಾಯದ ಗುಂಪಿನಲ್ಲಿ ನೂರಕ್ಕೆ 50. ಆದರೆ ಅದು ದಿನ ಮೊದಲೇ ಗೊತ್ತುಮಾಡಿಕೊಂಡ ಆಪರೇಶನ್‌ಗಳ ಲೆಕ್ಕ. ಬಿದ್ದು ಎಲುಬು ಮುರಿದು ಬಂದವರ ಅಪಾಯ ಇನ್ನೂ ಹೆಚ್ಚು.

ಎಡವಟ್ಟು ಇರುವುದು ಪ್ರಶ್ನೆ ಕೇಳುವಲ್ಲಿ. ಸನ್ನಿ ಗುರುತಿಸುವ ಒಂದು ಚಿಕ್ಕ ಪರೀಕ್ಷೆಯಲ್ಲಿ ವಯಸ್ಸು, ಹುಟ್ಟಿದ ತಾರೀಖು, ಎಲ್ಲಿದ್ದೀರಿ, ಇದು ಯಾವ ಇಸವಿ ಅಂತ ಕೇಳುತ್ತಾರೆ. ಮುತ್ಯಾನ ಹುಟ್ಟಿದ ತಾರೀಖು ಗೊತ್ತಿರುವುದು ಅವನ ಆಧಾರ್ ಕಾರ್ಡಿಗೆ ಮಾತ್ರ! ಮನೆ ಎಲ್ಲಿ ಅಂದರೆ “ಹೊಳಿ ದಂಡ್ಯಾಗ” ಅಂದ. ಆ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿದೆ. ಹೊಸ ಡಾಕ್ಟರು ತಪ್ಪು ಅಂತ ಬರೆದುಕೊಂಡರು. ಆದರೆ ಮುತ್ಯಾ ಚೆನ್ನಾಗಿದ್ದಾಗಲೂ ಮನಿ ಅಂದರೆ ಅದೇ ಮನಿ. ಮುಳುಗಡೆ ಜನರ ಪೈಕಿ ಅವನೊಬ್ಬನೇ ಅಲ್ಲ. ಅದಕ್ಕಿಂತ ವಾರದ ಹೆಸರು ಹಿಂದುಮುಂದಾಗಿ ಹೇಳಿಸುವುದು ವಾಸಿ. ಐತವಾರ, ಶನಿವಾರ, ಶುಕ್ರವಾರ... ಅವತ್ತು ಮುತ್ಯಾ ಶುಕ್ರವಾರಕ್ಕೆ ಬಂದು ಕಿಟಕಿ ಕಡೆ ನೋಡುತ್ತ ನಿಂತುಬಿಟ್ಟ. ಹಿಂದಿನ ವಾರ ಕಟ್ಟೆ ಮೇಲೆ ಕೂತು ಸಾಲದ ಬಡ್ಡಿ ಬಾಯಲ್ಲೇ ಲೆಕ್ಕ ಹಾಕಿದ್ದವನು. ಆ ವ್ಯತ್ಯಾಸ ಮನೆಯವರಿಗಲ್ಲದೆ ಬೇರೆ ಯಾರಿಗೆ ಗೊತ್ತು?

ನಾವು ಅದನ್ನು ಹೇಳಲೇ ಇಲ್ಲ. ಕುಡಿತದ ಪ್ರಶ್ನೆ ಬಂದಾಗ ಕಾಕಾ “ಇಲ್ರೀ” ಅಂದುಬಿಟ್ಟ, ತಂದೆಯ ಎದುರಿಗೇ! ಕನ್ನಡಕ ಕಳೆದೀತು ಅಂತ ಅತ್ತೆಯ ಚೀಲದಲ್ಲಿತ್ತು, ಹಲ್ಲಿನ ಸೆಟ್ಟು ಸ್ಟೀಲ್ ಡಬ್ಬಿಯಲ್ಲಿ. ಹಿಂದಿನ ರಾತ್ರಿಯಿಂದ ಗುಟುಕು ನೀರೂ ಕೊಟ್ಟಿರಲಿಲ್ಲ. ಸಾಮಾನ್ಯವಾಗಿ ಆಪರೇಶನ್‌ಗೆ ಎರಡು ತಾಸು ಮೊದಲಿನವರೆಗೆ ನೀರು ಕುಡಿಯಬಹುದು ಎಂಬುದು ಅರಿವಳಿಕೆ ವೈದ್ಯರದೇ ನಿಯಮ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎಪ್ಪತ್ತು ದಾಟಿದ 852 ರೋಗಿಗಳಿದ್ದರು. ಒಂದು ಗುಂಪಿಗೆ ಕನ್ನಡಕ ಹಾಕಿಸಿದರು, ಕಿವಿಗೆ ಕೇಳುವ ಹಾಗೆ ಮಾಡಿದರು, ನೀರು ಕುಡಿಸಿದರು, ಬೇಗ ಎಬ್ಬಿಸಿ ನಡೆಸಿದರು, ಗುಳಿಗೆ ಇಲ್ಲದೆ ನಿದ್ದೆ ಬರುವಂತೆ ನೋಡಿಕೊಂಡರು. ಅವರಲ್ಲಿ ಸನ್ನಿ ನೂರಕ್ಕೆ 9.9, ಉಳಿದವರಲ್ಲಿ 15. ಅದು ಆಪರೇಶನ್ ವಾರ್ಡ್ ಅಲ್ಲ, ನಿಜ. ಆದರೆ ಕನ್ನಡಕ ಎಲ್ಲ ವಾರ್ಡಲ್ಲೂ ಕನ್ನಡಕವೇ ಅಲ್ವಾ?

ಮುತ್ಯಾ ವಾರದ ಮೇಲೆ ತಿಳಿಯಾದ. ಮೊನ್ನೆ ವಿಜಯಪುರದಲ್ಲಿ ಅತ್ತೆಯ ಮೊಣಕಾಲು ಆಪರೇಶನ್ ಇತ್ತು. ಈ ಸಲ ಎಲ್ಲ ಒಂದು ಹಾಳೆಯಲ್ಲಿ ಬರೆದು ಒಯ್ದೆವು. ಅರಿವಳಿಕೆ ಡಾಕ್ಟರು ಪೂರ್ತಿ ಓದಿ, “ನಿದ್ದಿ ಗುಳಿಗಿ ಏನರ ತಗೋತಾರೇನ್ರಿ?” ಅಂದರು. ನಾವು ಇಲ್ಲ ಅನ್ನುವಷ್ಟರಲ್ಲಿ ಮಂಚದ ಮೇಲಿಂದ ಅತ್ತೆಯ ದನಿ ಬಂತು: “ದಿನಾ ಅರ್ಧ ತಗೋತೀನ್ರಿ, ಇವ್ರಿಗಿ ಗೊತ್ತಿಲ್ಲ.”