ಗ್ಲಾಕೋಮಾ ಹನಿಗಳ ಖರ್ಚು: ಕಣ್ಣಿಗೆಷ್ಟು, ಕೆನ್ನೆಗೆಷ್ಟು?

ಗ್ಲಾಕೋಮಾ ಇದೆಯೆಂದು ಗೊತ್ತಾದ ಬಹುತೇಕ ಮಂದಿಯ ಮನೆಯ ಲೆಕ್ಕಕ್ಕೆ ಕಣ್ಣಿನ ಡ್ರಾಪ್ಸ್ ಒಂದು ಖಾಯಂ ಬಾಬ್ತಾಗಿ ಸೇರಿಕೊಳ್ಳುತ್ತದೆ. ದೃಷ್ಟಿನರ ನಿಧಾನವಾಗಿ ಸವೆಯುವ ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಕಣ್ಣಿನೊಳಗಿನ ಒತ್ತಡವನ್ನು ಇಳಿಸಿಟ್ಟು ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ. ಭಾರತದಲ್ಲಿ ಸುಮಾರು 1.2 ಕೋಟಿ ಜನರಿಗೆ ಇದು ಇದೆಯೆಂಬ ಅಂದಾಜಿದೆ. ಸಾಮಾನ್ಯವಾಗಿ ನೋವಿಲ್ಲ, ಹನಿ ಹಾಕಿಕೊಂಡರೆ ಕಣ್ಣು ಚುರುಕಾದ ಅನುಭವವೂ ಇಲ್ಲ. ಹೀಗಾಗಿ ಕೈ ಬಿಗಿಯಾದ ತಿಂಗಳಲ್ಲಿ ಮೊದಲು ತಪ್ಪುವುದು ಈ ಬಾಟಲಿಯೇ. ಆದರೆ ಔಷಧ ನಿಲ್ಲಿಸದೆಯೇ ಉಳಿತಾಯ ಮಾಡಲು ಸಾಕಷ್ಟು ಜಾಗವಿದೆ, ಮತ್ತು ಅದನ್ನು ಹುಡುಕಬೇಕಾದದ್ದು ಎಂ.ಆರ್.ಪಿ.ಗಿಂತ ಮೊದಲು ಹನಿಯ ಗಾತ್ರದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕಣ್ಣಿನ ಮೇಲ್ಮೈಯಲ್ಲಿ ಸದಾ ಇರುವ ಕಣ್ಣೀರು ಸುಮಾರು 7 ಮೈಕ್ರೊಲೀಟರ್, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಏಳು ಭಾಗ. ರೆಪ್ಪೆ ಮಿಟುಕಿಸದೆ ಇದ್ದರೆ ಹೆಚ್ಚೆಂದರೆ 30 ಮೈಕ್ರೊಲೀಟರಿನಷ್ಟು ದ್ರವ ಅಲ್ಲಿ ಕ್ಷಣಕಾಲ ನಿಂತೀತು. ಅಂಗಡಿಯಲ್ಲಿ ಸಿಗುವ ಬಾಟಲಿಗಳಿಂದ ಬೀಳುವ ಹನಿಯಾದರೋ 25ರಿಂದ 70 ಮೈಕ್ರೊಲೀಟರಿನವರೆಗೂ ಇರುತ್ತದೆ. ಪಾವು ಹಿಡಿಯುವ ಪಾತ್ರೆಗೆ ಸೇರು ಅಳೆದು ಸುರಿದಂತಾಯಿತು. ಹೆಚ್ಚಾದದ್ದರಲ್ಲಿ ಒಂದಿಷ್ಟು ಕೆನ್ನೆಯ ಮೇಲೆ ಇಳಿಯುತ್ತದೆ. ಮತ್ತೊಂದಿಷ್ಟು ಕಣ್ಣಿನ ಒಳಮೂಲೆಯಲ್ಲಿರುವ ಕಣ್ಣೀರಿನ ನಾಳದ ಮೂಲಕ ಮೂಗಿಗೂ ಗಂಟಲಿಗೂ ಹೋಗುತ್ತದೆ. ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಬಾಯಿ ಕಹಿಯಾಗುವುದು ಇದೇ ಕಾರಣಕ್ಕೆ. ಹನಿಯಲ್ಲಿರುವ ಔಷಧದಲ್ಲಿ ಕಣ್ಣಿನ ಒಳಭಾಗವನ್ನು ಮುಟ್ಟುವುದು ಸಾಮಾನ್ಯವಾಗಿ ಶೇಕಡಾ 5ಕ್ಕಿಂತ ಕಡಿಮೆ.

ಹಾಗಿದ್ದರೆ ಹನಿಯನ್ನು ಚಿಕ್ಕದು ಮಾಡಬಾರದೇಕೆ? ಬಾಟಲಿಯ ಮೂತಿಯಲ್ಲಿ ದ್ರವ ಜೋತುಬಿದ್ದಿರುವುದು ಮೇಲ್ಮೈ ಎಳೆತದಿಂದ; ಹನಿಯ ತೂಕ ಆ ಹಿಡಿತವನ್ನು ಮೀರಿದಾಗ ಅದು ಕಳಚಿ ಬೀಳುತ್ತದೆ. ಮೂತಿಯ ಅಗಲ, ದ್ರವದ ಗುಣ, ಬಾಟಲಿಯನ್ನು ಹಿಡಿದ ಓರೆ, ಇವೆಲ್ಲ ಸೇರಿ ಗಾತ್ರವನ್ನು ನಿರ್ಧರಿಸುತ್ತವೆ. 15ರಿಂದ 20 ಮೈಕ್ರೊಲೀಟರಿನ ಹನಿಯೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆಂದು ಹಲವು ಅಧ್ಯಯನಗಳು ದಶಕಗಳ ಹಿಂದೆಯೇ ತೋರಿಸಿವೆ. ಆದರೂ ಮೂತಿಗಳು ಬದಲಾಗಿಲ್ಲ. ದೊಡ್ಡ ಹನಿಯಿಂದ ಬಾಟಲಿ ಬೇಗ ಖಾಲಿಯಾಗಿ ಯಾರಿಗೆ ಅನುಕೂಲವೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ತೀರಾ ಚಿಕ್ಕ ಹನಿ ಕಣ್ಣಿಗೆ ಬಿದ್ದದ್ದೇ ತಿಳಿಯದೆ ವಯಸ್ಸಾದವರು ಮತ್ತೆ ಮತ್ತೆ ಹಾಕಿಕೊಂಡಾರು ಎಂಬುದೂ ಅಲ್ಲಗಳೆಯುವ ಮಾತಲ್ಲ.

ಲ್ಯಾಟನೊಪ್ರಾಸ್ಟ್ ಎಂಬ ಔಷಧವನ್ನೇ ನೋಡೋಣ. ರಾತ್ರಿ ಒಂದು ಕಣ್ಣಿಗೆ ಒಂದೇ ಹನಿ ಸಾಕಾಗುವ ಇದು 1996ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಈಗ ಹಲವು ಕಂಪನಿಗಳು ತಯಾರಿಸುತ್ತವೆ. ಇದರ 2.5 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 80 ಹನಿಗಳಿರುತ್ತವೆ. ಎರಡೂ ಕಣ್ಣಿಗೆ ಒಂದೊಂದರಂತೆ ಹಾಕಿದರೆ ತಿಂಗಳಿಗೆ 60 ಹನಿ ಬೇಕು. ಗುರಿ ತಪ್ಪಿದ್ದಕ್ಕೆಂದು 20 ಉಳಿಯುತ್ತವೆ. ಆದರೆ ಇನ್ನೂ ಒಂದಿರಲಿ ಎಂದು ಪ್ರತಿ ಕಣ್ಣಿಗೆ ಎರಡೆರಡು ಹನಿ ಬಿಡುವವರ ಬಾಟಲಿ 20 ದಿನಕ್ಕೇ ಮುಗಿಯುತ್ತದೆ. ಬಾಟಲಿಗೆ 300 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಖರ್ಚು 450 ರೂಪಾಯಿಗೆ ಏರಿತು, ಆದರೆ ಕಣ್ಣಿಗೆ ದಕ್ಕುವ ಔಷಧ ಬಹುಮಟ್ಟಿಗೆ ಅಷ್ಟೇ ಇರುತ್ತದೆ, ಏಕೆಂದರೆ ಎರಡನೆಯ ಹನಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಆದ್ದರಿಂದ ಹನಿ ಹಾಕಿಕೊಳ್ಳುವ ಕ್ರಮವನ್ನು ಕಲಿಯುವುದೂ ಉಳಿತಾಯದ ಕೆಲಸವೇ. ಅಂಗಾತ ಮಲಗಿ ಅಥವಾ ತಲೆಯನ್ನು ಹಿಂದಕ್ಕೆ ಚೆನ್ನಾಗಿ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು, ಅಲ್ಲಿ ಮೂಡುವ ಸಂದಿಗೆ ಒಂದೇ ಹನಿ ಬಿಡಬೇಕು. ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಬಳಿಕ ಕಣ್ಣನ್ನು ಹಗುರಾಗಿ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳ ತುದಿಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಔಷಧ ಮೂಗಿನತ್ತ ಹರಿಯುವುದು ಬಹಳ ಕಡಿಮೆಯಾಗುತ್ತದೆ. ಟಿಮೊಲಾಲ್ ಎಂಬ ಇನ್ನೊಂದು ಗ್ಲಾಕೋಮಾ ಹನಿಯನ್ನು ಬಳಸುವವರಿಗೆ ಇದು ದುಡ್ಡಿನ ಮಾತಷ್ಟೇ ಅಲ್ಲ: ಮೂಗಿನ ಒಳಪೊರೆಯಿಂದ ನೇರ ರಕ್ತಕ್ಕೆ ಸೇರಿದ ಟಿಮೊಲಾಲ್ ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲದು, ಉಸಿರಿನ ನಾಳಗಳನ್ನು ಬಿಗಿಗೊಳಿಸಬಲ್ಲದು. ಅಸ್ತಮಾ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಆಗ ನಷ್ಟ ಎರಡು ಬಾಟಲಿಯದ್ದು.

ಇನ್ನು ಅಂಗಡಿಯ ಮಾತು. ಲ್ಯಾಟನೊಪ್ರಾಸ್ಟ್ 2022ರಲ್ಲಿ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು; ಈ ಪಟ್ಟಿಯ ಔಷಧಗಳಿಗೆ ಕೇಂದ್ರದ ಬೆಲೆ ಪ್ರಾಧಿಕಾರ ಗರಿಷ್ಠ ಮಿತಿ ಹಾಕುತ್ತದೆ. ಜನೌಷಧಿ ಕೇಂದ್ರದಲ್ಲಿ ದೊರೆತರೆ ಇನ್ನೂ ಅಗ್ಗ. ವೈದ್ಯರು ಚೀಟಿಯಲ್ಲಿ ಜೆನೆರಿಕ್ ಹೆಸರನ್ನೇ ಬರೆಯಬೇಕೆಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿ ಅದೇ ತಿಂಗಳಲ್ಲಿ ತಡೆಹಿಡಿಯಿತು, ಹಾಗಾಗಿ ಔಷಧದ ಮೂಲ ಹೆಸರನ್ನು ಬರೆದುಕೊಡಿ ಎಂದು ರೋಗಿಯೇ ಕೇಳುವುದು ಲೇಸು. ಕಂಪನಿ ಬದಲಿಸಿದಾಗ ಹನಿಯ ಗಾತ್ರವೂ ಬದಲಾಗಬಹುದಾದ್ದರಿಂದ, ಹೊಸ ಬಾಟಲಿ ಎಷ್ಟು ದಿನ ಬಂತೆಂದು ಗುರುತು ಹಾಕಿಕೊಂಡು ದಿನದ ಖರ್ಚನ್ನು ಹೋಲಿಸಬೇಕು. ಕೆಲವು ವಾರಗಳ ಬಳಿಕ ಕಣ್ಣಿನ ಒತ್ತಡವನ್ನೂ ಅಳೆಸಬೇಕು. ಎರಡು ಔಷಧಗಳು ಬೇಕಾದವರು ಅವೆರಡೂ ಒಂದೇ ಬಾಟಲಿಯಲ್ಲಿ ಬೆರೆತು ಬರುವ ಡ್ರಾಪ್ಸ್ ತಮಗೆ ಆದೀತೇ ಎಂದು ಕೇಳಿ ನೋಡಬಹುದು.

ಜಿಪುಣತನ ಮಾಡಬಾರದ ಒಂದು ಜಾಗವೂ ಇದೆ. ತೆರೆದ ಬಾಟಲಿಯನ್ನು ಲೇಬಲ್ಲಿನಲ್ಲಿ ಹೇಳಿದ ಅವಧಿ, ಸಾಮಾನ್ಯವಾಗಿ ಒಂದು ತಿಂಗಳು, ಮುಗಿದ ಮೇಲೂ ಬಳಸುವುದು ಉಳಿತಾಯವಲ್ಲ. ಬಾಟಲಿಯೊಳಗೆ ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುವುದು ಬೆಂಜಲ್ಕೋನಿಯಂ ಕ್ಲೋರೈಡ್‌ನಂಥ ಸಂರಕ್ಷಕಗಳು. 2022-23ರಲ್ಲಿ ತಮಿಳುನಾಡಿನ ಕಾರ್ಖಾನೆಯೊಂದರಿಂದ ಅಮೆರಿಕಕ್ಕೆ ಹೋದ, ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಬಾಟಲಿಗಳ ನಂಟಿದ್ದ ಸೋಂಕಿನಿಂದ ಹಲವರು ದೃಷ್ಟಿ ಕಳೆದುಕೊಂಡರು, ಕೆಲವರು ಸತ್ತರು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಿಂದ ಬರೆದಿಡಲು ಕಾಸು ಬೇಕಿಲ್ಲ.

ಹನಿಗಳ ಗೊಡವೆಯನ್ನೇ ಮುಂದೂಡುವ ಇನ್ನೊಂದು ದಾರಿಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಕಣ್ಣಿನೊಳಗಿನ ದ್ರವ ಹೊರಹೋಗುವ ಜಾಲರಿಯ ಮೇಲೆ ಲೇಸರ್ ಹಾಯಿಸಿ ಹರಿವನ್ನು ಸುಗಮಗೊಳಿಸುವ ಎಸ್.ಎಲ್.ಟಿ. ಎಂಬ ಚಿಕಿತ್ಸೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಬ್ರಿಟನ್ನಿನಲ್ಲಿ 718 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿಗೆ ಈ ಲೇಸರ್ ಪಡೆದವರಲ್ಲಿ ನೂರಕ್ಕೆ 74 ಮಂದಿಗೆ ಮೂರು ವರ್ಷಗಳ ಬಳಿಕವೂ ಹನಿಗಳ ಅಗತ್ಯ ಬಿದ್ದಿರಲಿಲ್ಲ. ಒಟ್ಟು ವೆಚ್ಚದಲ್ಲೂ ಅದೇ ಲಾಭಕರವೆನಿಸಿತು. ಎಲ್ಲ ಬಗೆಯ ಗ್ಲಾಕೋಮಾಕ್ಕೂ ಇದು ಒಗ್ಗುವುದಿಲ್ಲ, ಭಾರತದಲ್ಲಿ ಸಾಕಷ್ಟು ಕಾಣುವ, ಆ ಜಾಲರಿ ಇರುವ ಕೋನವೇ ಕಿರಿದಾಗಿರುವ ಬಗೆಗಂತೂ ಬೇರೆ ಲೇಸರ್ ಬೇಕಾಗುತ್ತದೆ. ಎಸ್.ಎಲ್.ಟಿ.ಯ ಪರಿಣಾಮ ಕೆಲವು ವರ್ಷಗಳಲ್ಲಿ ಇಳಿಯಬಹುದಾದ್ದರಿಂದ, ಡ್ರಾಪ್ಸ್ ನಿಂತವರೂ ಒತ್ತಡ ಅಳೆಸಿಕೊಳ್ಳಲು ಆಸ್ಪತ್ರೆಗೆ ಹೋಗುತ್ತಲೇ ಇರಬೇಕು.