ಮಾನಿಟರ್ ಇಲ್ಲದ ಕಂಪ್ಯೂಟರ್ ತನ್ನ ಪರದೆಯ ಅಳತೆಯನ್ನು ಹೇಗೆ ಗೊತ್ತುಮಾಡಿಕೊಳ್ಳುತ್ತದೆ?

ಮಾನಿಟರ್ ಜೋಡಿಸದೆ ಮೂಲೆಯಲ್ಲಿಟ್ಟ ಕಂಪ್ಯೂಟರ್ ಒಂದನ್ನು ಜಾಲದ ಮೂಲಕ ದೂರದಿಂದ ತೆರೆದವರಿಗೆ ಮೊದಲು ಎದುರಾಗುವುದು ಇಕ್ಕಟ್ಟು. ನಮ್ಮ ಮುಂದಿನ ಪರದೆಯಲ್ಲಿ 1920 × 1080 ಪಿಕ್ಸೆಲ್‌ಗಳಷ್ಟು ಜಾಗವಿದ್ದರೂ ಆ ಕಡೆಯ ಡೆಸ್ಕ್‌ಟಾಪ್ 1024 × 768ರಲ್ಲೋ 800 × 600ರಲ್ಲೋ, ಕೆಲವೊಮ್ಮೆ 640 × 480ರಲ್ಲೋ ತೆರೆದುಕೊಳ್ಳುತ್ತದೆ. ವಿಂಡೋಗಳ ಕೆಳಗಿನ ಬಟನ್‌ಗಳು ಅಂಚಿನಾಚೆ ಉಳಿದುಬಿಡುತ್ತವೆ. ಸೆಟ್ಟಿಂಗ್ಸ್ ತೆರೆದು ನೋಡಿದರೆ ನಮಗೆ ಬೇಕಾದ ರೆಸಲ್ಯೂಶನ್ ಪಟ್ಟಿಯಲ್ಲೇ ಇರುವುದಿಲ್ಲ. ಅದೇ ಯಂತ್ರಕ್ಕೆ ಒಂದು ಮಾನಿಟರ್ ಜೋಡಿಸಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ. ಇಂಥ ಸಂದರ್ಭದಲ್ಲಿ ಹೆಚ್ಚಿನವರು ದೂರದಿಂದ ತೆರೆಯಲು ಬಳಸಿದ ತಂತ್ರಾಂಶವನ್ನೇ ಅನುಮಾನಿಸುತ್ತಾರೆ, ಅದನ್ನು ತೆಗೆದು ಇನ್ನೊಂದನ್ನು ಹಾಕುತ್ತಾರೆ, ಫಲ ಮಾತ್ರ ಬದಲಾಗುವುದಿಲ್ಲ. ತೊಡಕಿನ ಬೇರು ತಂತ್ರಾಂಶದಲ್ಲಿ ಅಲ್ಲ, ಕಂಪ್ಯೂಟರಿಗೂ ಮಾನಿಟರಿಗೂ ನಡುವೆ ನಡೆಯಬೇಕಿದ್ದು ನಡೆಯದೇ ಹೋದ ಒಂದು ಸಂಭಾಷಣೆಯಲ್ಲಿದೆ.

ಕಂಪ್ಯೂಟರನ್ನು ಮಾನಿಟರಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಚಿತ್ರವನ್ನು ಮಾತ್ರ ಹೊರುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಅದರ 19 ಪಿನ್‌ಗಳಲ್ಲಿ ಕೆಲವಕ್ಕೆ ಚಿತ್ರದೊಂದಿಗೆ ಯಾವ ಸಂಬಂಧವೂ ಇಲ್ಲ. ಕಂಪ್ಯೂಟರ್ 18ನೆಯ ಪಿನ್ನಿನ ಮೂಲಕ 5 ವೋಲ್ಟ್ ವಿದ್ಯುತ್ತನ್ನು ಕಳುಹಿಸುತ್ತದೆ. ಮಾನಿಟರ್ ಇದ್ದರೆ 19ನೆಯ ಪಿನ್ನಿನ ವೋಲ್ಟೇಜನ್ನು ಏರಿಸಿ ‘ನಾನಿದ್ದೇನೆ’ ಎಂದು ತಿಳಿಸುತ್ತದೆ. ಆ ಬಳಿಕ ಗ್ರಾಫಿಕ್ಸ್ ಚಿಪ್ 15 ಮತ್ತು 16ನೆಯ ಪಿನ್‌ಗಳ ಮೂಲಕ ಮಾನಿಟರಿನೊಳಗಿರುವ ಪುಟ್ಟ ಮೆಮೊರಿಯೊಂದನ್ನು ಓದಿಕೊಳ್ಳುತ್ತದೆ. ಹಲವು ಮಾನಿಟರ್‌ಗಳಲ್ಲಿ ಈ ಮೆಮೊರಿಗೆ ಕೇಬಲ್‌ನಲ್ಲಿ ಬಂದ ಆ 5 ವೋಲ್ಟೇ ಸಾಕಾಗುವುದರಿಂದ, ಮಾನಿಟರ್ ಆಫ್ ಆಗಿದ್ದರೂ ಕಂಪ್ಯೂಟರಿಗೆ ಉತ್ತರ ಸಿಗುತ್ತದೆ.

ಆ ಮೆಮೊರಿಯಲ್ಲಿರುವುದು ಮಾನಿಟರಿನ ಪರಿಚಯಪತ್ರ. ಇದಕ್ಕೆ ಇಡಿಐಡಿ ಎಂದು ಹೆಸರು. ವೀಸಾ (VESA) ಎಂಬ, ಪರದೆಗಳ ಮಾನಕ ಸಂಸ್ಥೆ 1994ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿತು. ಮೂಲ ಪತ್ರದ ಉದ್ದ ಕೇವಲ 128 ಬೈಟ್. ಆರಂಭದಲ್ಲಿ ಒಂದು ಸೊನ್ನೆ, ಆರು ಸಲ 255, ಮತ್ತೊಂದು ಸೊನ್ನೆ: ಪತ್ರ ಇಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಈ ಎಂಟು ಸಂಖ್ಯೆಗಳೇ ಗುರುತು. ಅನಂತರ ತಯಾರಕರ ಮೂರಕ್ಷರದ ಸಂಕೇತ, ತಯಾರಾದ ವಾರ ಮತ್ತು ವರ್ಷ, ಪರದೆಯ ಅಗಲ ಎತ್ತರಗಳು ಸೆಂಟಿಮೀಟರುಗಳಲ್ಲಿ, ಆಮೇಲೆ ಅದು ತೋರಿಸಬಲ್ಲ ರೆಸಲ್ಯೂಶನ್‌ಗಳು ಬರುತ್ತವೆ. ಕೊನೆಯ ಬೈಟ್ ಲೆಕ್ಕ ಸರಿನೋಡುವುದಕ್ಕಾಗಿಯೇ ಇದೆ. ಎಲ್ಲ 128 ಬೈಟ್‌ಗಳ ಮೊತ್ತವನ್ನು 256ರಿಂದ ಭಾಗಿಸಿದಾಗ ಶೇಷ ಉಳಿದರೆ ಪತ್ರ ಎಲ್ಲೋ ಕೆಟ್ಟಿದೆ ಎಂದರ್ಥ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದನ್ನು ಅಡಕಮಾಡಿದ ವಿನ್ಯಾಸಕಾರರ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ರೆಸಲ್ಯೂಶನ್ ಎಂದರೆ ಅಗಲ ಮತ್ತು ಎತ್ತರಗಳೆಂಬ ಎರಡು ಸಂಖ್ಯೆಗಳಷ್ಟೇ ಆಗಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ನಾವು 1920 × 1080 ಎಂದು ಕರೆಯುವ ಚಿತ್ರ ಕೇಬಲ್‌ನಲ್ಲಿ ಹರಿಯುವಾಗ, ಕಣ್ಣಿಗೆ ಕಾಣದ ಅಂಚುಗಳೂ ಸೇರಿ, ಸಾಮಾನ್ಯವಾಗಿ 2200 × 1125 ಆಗಿರುತ್ತದೆ. ಸೆಕೆಂಡಿಗೆ 60 ಸಲ ಇದನ್ನು ಕಳುಹಿಸಲು 14.85 ಕೋಟಿ ಪಿಕ್ಸೆಲ್‌ಗಳು ಸಾಗಬೇಕು. ಹಳೆಯ ದಪ್ಪ ಮಾನಿಟರ್‌ಗಳ ಎಲೆಕ್ಟ್ರಾನ್ ಕಿರಣ ಒಂದು ಸಾಲನ್ನು ಮುಗಿಸಿ ಮುಂದಿನ ಸಾಲಿನ ಆರಂಭಕ್ಕೆ ಮರಳಲು ಬೇಕಾಗುತ್ತಿದ್ದ ಬಿಡುವೇ ಈ ಕಾಣದ ಅಂಚುಗಳ ಮೂಲ. ಕಿರಣ ಹೋದರೂ ಬಿಡುವು ಉಳಿದುಕೊಂಡಿದೆ. ಯಾವ ಸಾಲು ಎಷ್ಟು ಹೊತ್ತು, ಬಿಡುವು ಎಷ್ಟು ಎಂಬ ಈ ಕಾಲಮಾನವನ್ನೆಲ್ಲ ಇಡಿಐಡಿ ಒಂದೊಂದು ರೆಸಲ್ಯೂಶನ್‌ಗೆ 18 ಬೈಟ್‌ಗಳಲ್ಲಿ ವಿವರಿಸುತ್ತದೆ. ಅಂದಿನ ಮಾನಿಟರ್‌ಗಳಲ್ಲಿ ಕೆಲವು, ತಮ್ಮ ಶಕ್ತಿಗೆ ಮೀರಿದ ಆವರ್ತನದ ಸಂಕೇತ ಬಂದರೆ ಹಾಳಾಗುವ ಅಪಾಯವೂ ಇತ್ತು.

ಈ ಹಿನ್ನೆಲೆಯಿಂದ ನೋಡಿದಾಗ, ಮಾನಿಟರ್ ಇಲ್ಲದ ಕಂಪ್ಯೂಟರಿನ ನಡವಳಿಕೆ ಮೊಂಡುತನವಾಗಿ ಅಲ್ಲ, ಎಚ್ಚರಿಕೆಯಾಗಿ ಕಾಣುತ್ತದೆ. ಅದು ಕೇಳುತ್ತದೆ, ಉತ್ತರ ಬರುವುದಿಲ್ಲ. ಆಗ ಅದು ಯಾವ ಮಾನಿಟರಿಗೂ ಹೊರೆಯಾಗದಷ್ಟು ಸಣ್ಣ ಅಳತೆಯನ್ನು ಆರಿಸಿಕೊಳ್ಳುತ್ತದೆ. 640 × 480 ಎಂಬುದು 1987ರಲ್ಲಿ ಐಬಿಎಂ ತನ್ನ ಕಂಪ್ಯೂಟರುಗಳೊಂದಿಗೆ ತಂದ ವಿಜಿಎ ವ್ಯವಸ್ಥೆಯ ಅಳತೆ. ಅದನ್ನು ತೋರಿಸಲಾರದ ಮಾನಿಟರ್ ಸಿಗುವುದು ಕಷ್ಟ. ಕೆಲವು ಯಂತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೋಡುವವರೇ ಇಲ್ಲದ ಮೇಲೆ ಚಿತ್ರ ಬಿಡಿಸುವುದೇಕೆ ಎಂಬಂತೆ ಗ್ರಾಫಿಕ್ಸ್ ಚಿಪ್ಪಿಗೆ ಕೆಲಸವನ್ನೇ ಕೊಡುವುದಿಲ್ಲ. ಆಗ ಎಲ್ಲ ಚಿತ್ರಣದ ಭಾರ ಮುಖ್ಯ ಪ್ರೊಸೆಸರಿನ ಮೇಲೆ ಬಿದ್ದು, ದೂರದಲ್ಲಿ ಕುಳಿತವರಿಗೆ ಮೌಸ್ ಕೂಡ ಎಳೆದಾಡಿದಂತೆ ಅನಿಸುತ್ತದೆ.

ಹಾಗಾದರೆ ದೂರದಿಂದ ತೆರೆಯುವ ಕೆಲವು ತಂತ್ರಾಂಶಗಳಲ್ಲಿ ಈ ತೊಂದರೆ ಏಕೆ ಕಾಣುವುದಿಲ್ಲ? ಇವುಗಳಲ್ಲಿ ಎರಡು ಕುಲಗಳಿವೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ತಾನೇ ಒಂದು ಹೊಸ ಸೆಷನ್ ತೆರೆದು, ನಾವು ಕುಳಿತಿರುವ ಕಡೆಯ ಪರದೆಯ ಅಳತೆಯನ್ನು ಕೇಳಿ ತಿಳಿದು, ಅದಕ್ಕೆ ಹೊಂದುವ ಕಾಲ್ಪನಿಕ ಪರದೆಯನ್ನು ಸಿದ್ಧಪಡಿಸುತ್ತದೆ. ಯಂತ್ರದ ಹಿಂದೆ ಕೇಬಲ್ ಇದೆಯೋ ಇಲ್ಲವೋ ಅದಕ್ಕೆ ಮುಖ್ಯವಲ್ಲ. ಇನ್ನೊಂದು ಕುಲ, ಯಂತ್ರ ಈಗಾಗಲೇ ಬಿಡಿಸಿಟ್ಟಿರುವ ಚಿತ್ರವನ್ನು, ಅಂದರೆ ಫ್ರೇಮ್‌ಬಫರನ್ನು, ನಕಲು ಮಾಡಿ ಕಳುಹಿಸುವಂಥದು. ಕೇಂಬ್ರಿಜ್‌ನ ಸಂಶೋಧನಾಲಯವೊಂದರಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿಎನ್‌ಸಿ ಎಂಬ ತಂತ್ರಾಂಶವನ್ನು ಮಾನಿಟರಿಗೆ ಹೋಗುವ ಡೆಸ್ಕ್‌ಟಾಪನ್ನೇ ಹಂಚಿಕೊಳ್ಳಲು ಬಳಸಿದಾಗ ಅದು ಈ ಎರಡನೆಯ ಕುಲಕ್ಕೆ ಸೇರುತ್ತದೆ. ಮೂಲಚಿತ್ರವೇ 800 × 600 ಆಗಿದ್ದರೆ ಅದನ್ನು ಹಿಗ್ಗಿಸಿ ತೋರಿಸಬಹುದೇ ಹೊರತು ಇಲ್ಲದ ವಿವರವನ್ನು ತರಲಾಗದು. ಹಿಗ್ಗಿಸುವುದರಲ್ಲೂ ಒಂದು ಕಷ್ಟವಿದೆ: 1024 ಪಿಕ್ಸೆಲ್ ಅಗಲವನ್ನು 1920ಕ್ಕೆ ಎಳೆದರೆ ಪ್ರತಿ ಪಿಕ್ಸೆಲ್ 1.875 ಪಟ್ಟು ಆಗಬೇಕು, ಆದರೆ ಪರದೆಯಲ್ಲಿ ಮುಕ್ಕಾಲು ಪಿಕ್ಸೆಲ್ ಎಂಬುದಿಲ್ಲ. ಹಾಗಾಗಿ ಬಣ್ಣಗಳನ್ನು ಬೆರೆಸಿ ಹೊಂದಿಸಲಾಗುತ್ತದೆ, ಅಕ್ಷರಗಳು ಮಸುಕಾಗುತ್ತವೆ. ಒತ್ತಕ್ಷರಗಳು ಕೆಳಗೆ ಸಣ್ಣದಾಗಿ ಕೂರುವ ನಮ್ಮ ಲಿಪಿಯನ್ನು ಓದುವಾಗ ಈ ಮಸುಕು ಇನ್ನಷ್ಟು ಕಾಡುತ್ತದೆ.

ಪರಿಹಾರಗಳೆಲ್ಲವೂ ಒಂದೇ ಉಪಾಯದ ಬೇರೆ ಬೇರೆ ರೂಪಗಳು: ಇಲ್ಲದ ಮಾನಿಟರಿನ ಪರವಾಗಿ ಯಾರಾದರೂ ಉತ್ತರ ಕೊಡಬೇಕು. ವಿಜಿಎ ಕಾಲದಲ್ಲಿ ಕೆಂಪು, ಹಸಿರು, ನೀಲಿ ಸಂಕೇತಗಳ ಪಿನ್‌ಗಳಿಗೂ ಅವುಗಳ ಗ್ರೌಂಡ್ ಪಿನ್‌ಗಳಿಗೂ ನಡುವೆ ತಲಾ 75 ಓಮ್‌ನ ರೆಸಿಸ್ಟರ್ ಸಿಕ್ಕಿಸಿದರೆ ಎಷ್ಟೋ ಗ್ರಾಫಿಕ್ಸ್ ಕಾರ್ಡ್‌ಗಳು ಮಾನಿಟರ್ ಇದೆ ಎಂದು ನಂಬುತ್ತಿದ್ದವು. ಇಂದು ಅದೇ ಕೆಲಸವನ್ನು ಮಾನಿಟರ್ ಕೇಬಲ್‌ನ ಜಾಗದಲ್ಲಿ ಸಿಕ್ಕಿಸುವ, ಬೆರಳಿನ ತುದಿಯಷ್ಟಿರುವ ಡಮ್ಮಿ ಪ್ಲಗ್ ಇನ್ನೂ ಚೆನ್ನಾಗಿ ಮಾಡುತ್ತದೆ, ಏಕೆಂದರೆ ಅದರೊಳಗೆ ಇಡಿಐಡಿ ಬರೆದಿರುವ ಮೆಮೊರಿ ಚಿಪ್ಪೇ ಇರುತ್ತದೆ. ತಂತ್ರಾಂಶದಿಂದಲೇ ಸಾಧಿಸುವ ಮಾರ್ಗಗಳೂ ಇವೆ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಇಡಿಐಡಿಯನ್ನು ಮಾನಿಟರಿನ ಬದಲು ಒಂದು ಫೈಲಿನಿಂದ ಓದಿಕೊಳ್ಳುವಂತೆ ಹೇಳಬಹುದು. ವಿಂಡೋಸ್ 10ರಲ್ಲಿ ಕಾಲ್ಪನಿಕ ಮಾನಿಟರ್‌ಗಳಿಗಾಗಿಯೇ ಒಂದು ಬಗೆಯ ಡ್ರೈವರ್ ವ್ಯವಸ್ಥೆ ಸೇರಿತು. ಲಿನಕ್ಸ್‌ನಲ್ಲಿ ವಿಎನ್‌ಸಿಯನ್ನೇ ಸ್ವತಂತ್ರ ಕಾಲ್ಪನಿಕ ಡೆಸ್ಕ್‌ಟಾಪ್ ಆಗಿ ನಡೆಸುವುದೂ ಸಾಧ್ಯ. ಗ್ರಾಫಿಕ್ಸ್ ಚಿಪ್ಪಿನ ನೆರವು ಬೇಡದ ಕೆಲಸಗಳಿಗೆ ನನಗೆ ಇದೇ ಹೆಚ್ಚು ಅಚ್ಚುಕಟ್ಟೆನಿಸುತ್ತದೆ.

ಡಮ್ಮಿ ಪ್ಲಗ್ ಹಾಕುವವರು ಎರಡು ವಿಷಯಗಳನ್ನು ಗಮನಿಸಬೇಕು. 3840 × 2160ರ ಆಸೆಗೆ ಬಿದ್ದರೆ 1920 × 1080ರ ನಾಲ್ಕು ಪಟ್ಟು ಪಿಕ್ಸೆಲ್‌ಗಳನ್ನು ಜಾಲದಲ್ಲಿ ಸಾಗಿಸಬೇಕಾಗುತ್ತದೆ. 1920 × 1080ರ ಚಿತ್ರವನ್ನೇ, ಪಿಕ್ಸೆಲ್‌ಗೆ 4 ಬೈಟ್‌ನಂತೆ ಸೆಕೆಂಡಿಗೆ 60 ಸಲ ಕುಗ್ಗಿಸದೆ ಕಳುಹಿಸಿದರೆ ಸುಮಾರು 50 ಕೋಟಿ ಬೈಟ್‌ಗಳಾಗುತ್ತವೆ; ಬದಲಾದ ಭಾಗವನ್ನಷ್ಟೇ ಆರಿಸಿ, ಅದನ್ನೂ ಕುಗ್ಗಿಸಿ ಕಳುಹಿಸುವುದರಿಂದಲೇ ಈ ತಂತ್ರಾಂಶಗಳು ಕೆಲಸ ಮಾಡುತ್ತಿವೆ. ಎರಡನೆಯದಾಗಿ, ಪ್ಲಗ್ ಇರುವಾಗಲೇ ನಿಜವಾದ ಮಾನಿಟರನ್ನೂ ಜೋಡಿಸಿದರೆ ಕಂಪ್ಯೂಟರ್ ತನಗೆ ಎರಡು ಪರದೆಗಳಿವೆ ಎಂದು ತಿಳಿಯುತ್ತದೆ, ವಿಂಡೋಗಳು ಕಾಣದ ಪರದೆಯ ಮೇಲೆ ತೆರೆದುಕೊಳ್ಳತೊಡಗುತ್ತವೆ.

ಯಾವ ಮಾರ್ಗ ಹಿಡಿದರೂ, ಮಾನಿಟರ್ ಕೇಬಲನ್ನು ಕಿತ್ತ ನಂತರ ಯಂತ್ರವನ್ನು ಒಮ್ಮೆ ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ದೂರದಿಂದ ತೆರೆದು ನೋಡುವುದನ್ನು ತಪ್ಪಿಸಬಾರದು. ಮಾನಿಟರ್ ಇದ್ದಾಗ ಸಿಕ್ಕ ಅಳತೆ ಕೇಬಲ್ ಕಿತ್ತ ಮೇಲೂ ಕೆಲವೊಮ್ಮೆ ಹಾಗೆಯೇ ಉಳಿದಿರುತ್ತದೆ; ಮುಂದಿನ ಸಲ ವಿದ್ಯುತ್ ಹೋಗಿ ಬಂದಾಗಲೇ ಕಂಪ್ಯೂಟರ್ ಮತ್ತೆ ಕೇಳುವುದು, ಮತ್ತು ಆಗ ನಾವು ಅದರ ಹತ್ತಿರ ಇರುವುದಿಲ್ಲ.