ಕೆಂಪು ಗೆರೆ ಎಳೆದವರು ಯಾರು? ವಿಎಸ್ ಕೋಡ್ ಪರದೆಯನ್ನು ಓದುವ ಬಗೆ

ಸಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ, ಹೆಡರ್ ಫೈಲ್ ಸೇರಿಸುವ ಜಾಗದಲ್ಲಿ, ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್ (ವಿಷುವಲ್ ಸ್ಟುಡಿಯೋ ಕೋಡ್) ಕೆಂಪು ಅಲೆಗೆರೆ ಎಳೆದು ಕೂತಿರುತ್ತದೆ. ಅದೇ ಫೈಲನ್ನು ಕೆಳಗಿನ ಟರ್ಮಿನಲ್‌ನಲ್ಲಿ ಜಿಸಿಸಿ ಎಂಬ ಸಿ ಕಂಪೈಲರಿಗೆ ಕೊಟ್ಟರೆ ತುಟಿಪಿಟಕ್ಕೆನ್ನದೆ ಕಂಪೈಲ್ ಆಗುತ್ತದೆ, ಉತ್ತರವೂ ಸರಿಯಾಗಿ ಬರುತ್ತದೆ. ಹೊಸಬರು ಇಲ್ಲಿ ಎರಡರಲ್ಲೊಂದು ಮಾಡುತ್ತಾರೆ: ಸರಿಯಿರುವ ಸಾಲನ್ನೇ ತಿದ್ದಲು ಹೊರಡುತ್ತಾರೆ, ಇಲ್ಲವೇ ಕೆಂಪು ಗೆರೆಗಳನ್ನು ನಂಬುವುದನ್ನೇ ಬಿಟ್ಟುಬಿಡುತ್ತಾರೆ. ಎರಡನೆಯದು ಹೆಚ್ಚು ದುಬಾರಿ. ನಾಳೆ ನಿಜವಾದ ತಪ್ಪಿಗೆ ಗೆರೆ ಬಿದ್ದರೂ ಅವರ ಕಣ್ಣು ಅದನ್ನು ದಾಟಿ ಹೋಗುತ್ತದೆ.

ಗೆರೆ ಎಳೆದದ್ದು ಒಂದು ಪ್ರೋಗ್ರಾಮು, ಕಂಪೈಲ್ ಮಾಡಿದ್ದು ಇನ್ನೊಂದು. ಕಿಟಕಿ ಒಂದೇ ಆದರೂ ಅದರ ಒಂದೊಂದು ಭಾಗದಲ್ಲಿ ಒಂದೊಂದು ಪ್ರೋಗ್ರಾಮು ಮಾತಾಡುತ್ತಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಕೌಂಟರಿಗೆ ಹೋಗಿ ಜಾತಿ ಪ್ರಮಾಣಪತ್ರ ಕೇಳಿದರೆ ಕೆಲಸ ಆಗದಲ್ಲ, ಹಾಗೆಯೇ ಇದು. ಯಾವ ಬಟನ್ ಎಲ್ಲಿದೆ ಎಂಬುದು ವಾರದೊಳಗೆ ಕೈಗೆ ಹತ್ತುತ್ತದೆ. ಯಾವ ಜಾಗದಲ್ಲಿ ಯಾರು ಮಾತಾಡುತ್ತಿದ್ದಾರೆ ಎಂಬುದನ್ನು ಮಾತ್ರ ಕೂತು ತಿಳಿದುಕೊಳ್ಳಬೇಕು.

ಮೈಕ್ರೋಸಾಫ್ಟ್ ವಿಎಸ್ ಕೋಡನ್ನು 2015ರ ಏಪ್ರಿಲ್‌ನಲ್ಲಿ ಪರಿಚಯಿಸಿತು, 1.0 ಆವೃತ್ತಿ ಬಂದದ್ದು 2016ರ ಏಪ್ರಿಲ್‌ನಲ್ಲಿ. ಇದನ್ನು ಕಟ್ಟಿರುವುದು ಎಲೆಕ್ಟ್ರಾನ್ ಮೇಲೆ, ಅಂದರೆ ಕ್ರೋಮಿಯಂ ಬ್ರೌಸರ್ ಮತ್ತು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಸೇರಿಸಿದ ಅಡಿಪಾಯದ ಮೇಲೆ. ನಿಮಗೆ ಕಾಣುವ ಕಿಟಕಿ ಒಳಗಿನಿಂದ ಒಂದು ವೆಬ್ ಪುಟವೇ. ಎಡಿಟರಿಗೆ ಹೊಸ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಷನ್‌ಗಳು ಓಡುವುದು ಪ್ರತ್ಯೇಕ ಪ್ರೋಸೆಸ್‌ನಲ್ಲಿ, ಅಂದರೆ ಬೇರೆಯಾಗಿಯೇ ಓಡುವ ಪ್ರೋಗ್ರಾಮಿನಲ್ಲಿ. ಒಂದು ಎಕ್ಸ್‌ಟೆನ್ಷನ್ ಹದಗೆಟ್ಟರೂ ಟೈಪ್ ಮಾಡುವುದು ನಿಲ್ಲದಿರಲಿ ಎಂದು ಈ ಏರ್ಪಾಡು. ಭಾಷೆಯ ವ್ಯಾಕರಣ ಬಲ್ಲ ಲ್ಯಾಂಗ್ವೇಜ್ ಸರ್ವರ್ ಮತ್ತೊಂದು ಪ್ರೋಸೆಸ್. ಎಡಿಟರಿಗೂ ಅದಕ್ಕೂ ನಡುವಿನ ಮಾತಿನ ನಿಯಮಗಳನ್ನು ಮೈಕ್ರೋಸಾಫ್ಟ್ 2016ರ ಜೂನ್‌ನಲ್ಲಿ ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಜೊತೆ ಸೇರಿ ಪ್ರಕಟಿಸಿತು. ಲಾಭ ಏನೆಂದು ಲೆಕ್ಕ ಹಾಕಿ ನೋಡಿ: 10 ಎಡಿಟರ್, 20 ಭಾಷೆ ಇದ್ದರೆ ಹಳೆಯ ಪದ್ಧತಿಯಲ್ಲಿ 200 ಜೋಡಣೆ ಬರೆಯಬೇಕಿತ್ತು. ಸಾಮಾನ್ಯ ನಿಯಮವಿದ್ದರೆ 30 ಸಾಕು.

ಈಗ ಆ ಕೆಂಪು ಗೆರೆಗೆ ಬರೋಣ. ಅದನ್ನು ಎಳೆದದ್ದು ಸಿ/ಸಿ++ ಎಕ್ಸ್‌ಟೆನ್ಷನ್ನಿನ ಇಂಟೆಲಿಸೆನ್ಸ್, ಅಂದರೆ ಅದರಲ್ಲಿ ಲ್ಯಾಂಗ್ವೇಜ್ ಸರ್ವರಿನ ಕೆಲಸ ಮಾಡುವ ಭಾಗ. ಅದು ನಿಮ್ಮ ಕೋಡನ್ನು ಓದಿ ಅಭಿಪ್ರಾಯ ಹೇಳುತ್ತದೆಯೇ ಹೊರತು ಕಂಪೈಲ್ ಮಾಡುವುದಿಲ್ಲ. ಕಂಪೈಲರ್ ಎಲ್ಲಿದೆ ಎಂದು ಅದಕ್ಕೆ ಸಿಕ್ಕಿಲ್ಲದಿದ್ದರೆ ಹೆಡರ್ ಫೈಲುಗಳು ಎಲ್ಲಿವೆ ಎಂಬುದೂ ಗೊತ್ತಾಗುವುದಿಲ್ಲ. ಟರ್ಮಿನಲ್‌ನಲ್ಲಿ ಓಡುವ ಜಿಸಿಸಿಗೆ ತನ್ನ ಹೆಡರುಗಳ ಜಾಗ ತನಗೇ ಗೊತ್ತು. ಪರಿಹಾರ ಸುಲಭ: ಕಂಟ್ರೋಲ್+ಶಿಫ್ಟ್+ಪಿ ಒತ್ತಿ, ‘ಸೆಲೆಕ್ಟ್ ಇಂಟೆಲಿಸೆನ್ಸ್ ಕಾನ್ಫಿಗರೇಷನ್’ ಹುಡುಕಿ, ಪಟ್ಟಿಯಿಂದ ನಿಮ್ಮ ಕಂಪೈಲರನ್ನು ಆರಿಸಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಅದರ ಪೂರ್ತಿ ಪಾತ್ ಅನ್ನು ಸೆಟ್ಟಿಂಗ್‌ನಲ್ಲಿ ಕೊಡಿ. (ಇಲ್ಲಿ ಹೇಳುವ ಕೀಲಿಗಳು ವಿಂಡೋಸ್‌ನವು. ಲಿನಕ್ಸ್‌ನಲ್ಲಿ ಬಹುತೇಕ ಇವೇ. ಮ್ಯಾಕ್‌ನಲ್ಲಿ ಹೆಚ್ಚಿನ ಕಡೆ ಕಂಟ್ರೋಲ್ ಬದಲು ಕಮಾಂಡ್.)

ಪರದೆಯ ಭಾಗಗಳನ್ನು ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಡ. ಎಡ ಅಂಚಿನ ಐಕಾನ್ ಸಾಲು ಆ್ಯಕ್ಟಿವಿಟಿ ಬಾರ್. ಅದರ ಪಕ್ಕದ ಸೈಡ್ ಬಾರ್‌ನಲ್ಲಿ ಫೈಲ್ ಪಟ್ಟಿ, ಹುಡುಕಾಟ, ಗಿಟ್ (ಕೋಡಿನ ಬದಲಾವಣೆಗಳ ದಾಖಲೆ), ಡೀಬಗ್ (ಓಡುವ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಸಾಧನ), ಎಕ್ಸ್‌ಟೆನ್ಷನ್‌ಗಳು ಸರದಿಯಂತೆ ಬರುತ್ತವೆ. ನಡುವೆ ಎಡಿಟರ್, ಕೆಳಗೆ ಪ್ಯಾನೆಲ್, ತಳದಲ್ಲಿ ಸಣ್ಣಕ್ಷರದ ಸ್ಟೇಟಸ್ ಬಾರ್. ಕಂಟ್ರೋಲ್+ಬಿ ಸೈಡ್ ಬಾರನ್ನು, ಕಂಟ್ರೋಲ್+ಜೆ ಪ್ಯಾನೆಲನ್ನು ಮುಚ್ಚಿ ತೆರೆಯುತ್ತವೆ. ‘ನನ್ನ ಫೈಲ್ ಪಟ್ಟಿಯೇ ಮಾಯ’ ಎಂಬ ದೂರುಗಳಲ್ಲಿ ಎಷ್ಟೋ, ತಿಳಿಯದೆ ಒತ್ತಿದ ಕಂಟ್ರೋಲ್+ಬಿ ಫಲ.

ಗೊಂದಲದ ತವರು ಪ್ಯಾನೆಲ್. ಅಲ್ಲಿ ಮುಖ್ಯವಾಗಿ ನಾಲ್ಕು ಟ್ಯಾಬು. ಪ್ರಾಬ್ಲಮ್ಸ್‌ನಲ್ಲಿ ಬಹುಪಾಲು ಮಾತು ಲ್ಯಾಂಗ್ವೇಜ್ ಸರ್ವರಿನದು. ಔಟ್‌ಪುಟ್ ಎಂಬುದು ಎಕ್ಸ್‌ಟೆನ್ಷನ್‌ಗಳ ದಿನಚರಿ. ಬಲಗಡೆಯ ಪಟ್ಟಿಯಿಂದ ಯಾರ ದಿನಚರಿ ಬೇಕೆಂದು ಆರಿಸಬೇಕು. ಡೀಬಗ್ ಕನ್ಸೋಲ್‌ನಲ್ಲಿ ಮಾತಾಡುವುದು ಡೀಬಗರ್. ಟರ್ಮಿನಲ್ ಮಾತ್ರ ನಿಜವಾದ ಶೆಲ್, ಅಂದರೆ ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಪ್ರೋಗ್ರಾಮು: ಬ್ಯಾಷ್, ಪವರ್‌ಶೆಲ್ ಅಥವಾ ಬೇರೆ ಯಾವುದಾದರೂ.

ಔಟ್‌ಪುಟ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಕೋಡ್ ರನ್ನರ್ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್ ಹಾಕಿಕೊಂಡು ಮೇಲಿನ ತ್ರಿಕೋನ ಒತ್ತಿದರೆ, ಅದು ತಾನಾಗಿ ನಿಮ್ಮ ಪ್ರೋಗ್ರಾಮಿನ ಫಲಿತಾಂಶವನ್ನು ಅಲ್ಲೇ ತೋರಿಸುತ್ತದೆ. ಪ್ರಿಂಟ್ ಮಾಡುವ ಪ್ರೋಗ್ರಾಮಿಗೆ ಅಷ್ಟು ಸಾಕು. ಬಳಸುವವರಿಂದ ಸಂಖ್ಯೆ ಕೇಳುವ ಸ್ಕ್ಯಾನ್‌ಎಫ್ ಬಂತೋ, ಕೆಲಸ ಕೆಟ್ಟಿತು. ಪ್ರೋಗ್ರಾಮು ನಿಮ್ಮ ಸಂಖ್ಯೆಗಾಗಿ ಕಾಯುತ್ತ ಕೂರುತ್ತದೆ. ನೀವು ಟೈಪ್ ಮಾಡಲು ಹೋದರೆ ಆ ಟ್ಯಾಬು ಓದಲಿಕ್ಕಷ್ಟೇ ಇರುವುದರಿಂದ ಅಕ್ಷರ ಮೂಡುವುದಿಲ್ಲ. ಕೋಡಿನಲ್ಲಿ ಏನೂ ತಪ್ಪಿರುವುದಿಲ್ಲ. ಸೆಟ್ಟಿಂಗ್ಸ್ ತೆರೆದು (ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಲಿ) ಕೋಡ್ ರನ್ನರ್‌ನ ‘ರನ್ ಇನ್ ಟರ್ಮಿನಲ್’ಗೆ ಗುರುತು ಹಾಕಿದರೆ ಸಂಖ್ಯೆ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಕಾಯುತ್ತ ಕೂತ ಹಳೆಯ ಓಟವನ್ನು ನಿಲ್ಲಿಸಿ, ಮತ್ತೆ ಓಡಿಸಿ.

ಎಡಿಟರ್ ಟ್ಯಾಬಿನ ಮೇಲೆ ನೋಡಬೇಕಾದ ಗುರುತು ಎರಡು. ಫೈಲ್ ಹೆಸರು ಓರೆ ಅಕ್ಷರದಲ್ಲಿದ್ದರೆ ಅದು ಬರೀ ಇಣುಕು ನೋಟ; ಪಟ್ಟಿಯಲ್ಲಿ ಇನ್ನೊಂದು ಫೈಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿದೊಡನೆ ಅದೇ ಜಾಗಕ್ಕೆ ಆ ಫೈಲು ಬಂದು ಕೂರುತ್ತದೆ. ಉಳಿಯಬೇಕೆಂದರೆ ಎರಡು ಸಲ ಕ್ಲಿಕ್ ಮಾಡಿ. ಇನ್ನೊಂದು, ಮುಚ್ಚುವ ಗುರುತಿನ ಜಾಗದಲ್ಲಿ ಕಾಣುವ ದುಂಡು ಚುಕ್ಕೆ: ಫೈಲ್ ಇನ್ನೂ ಸೇವ್ ಆಗಿಲ್ಲ. ಲ್ಯಾಂಗ್ವೇಜ್ ಸರ್ವರ್ ಎಡಿಟರಿನಲ್ಲಿರುವ ಹೊಸ ಪಠ್ಯವನ್ನು ನೋಡುತ್ತದೆ, ಜಿಸಿಸಿ ಡಿಸ್ಕಿನಲ್ಲಿರುವ ಹಳೆಯದನ್ನು. ತಪ್ಪು ತಿದ್ದಿದಿರಿ, ಗೆರೆಯೂ ಹೋಯಿತು, ಆದರೂ ಕಂಪೈಲರ್ ಅದೇ ಸಾಲಿಗೆ ಅದೇ ದೂರು ಹೇಳುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಆ ಚುಕ್ಕೆಯನ್ನು. ಸೇವ್ ಮಾಡದೆ ಕಿಟಕಿ ಮುಚ್ಚಿ ಮತ್ತೆ ತೆರೆದರೂ ವಿಎಸ್ ಕೋಡ್ ನಿಮ್ಮ ತಿದ್ದುಪಡಿಯನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ. ಅನುಕೂಲವೇ ಸರಿ, ಆದರೆ ‘ಸೇವ್ ಆಗಿದೆ’ ಎಂಬ ಭ್ರಮೆಯನ್ನೂ ಅದೇ ಬೆಳೆಸುತ್ತದೆ. ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಆಟೋ ಸೇವ್ ಮೊದಲಿಗೆ ಆಫ್ ಆಗಿರುತ್ತದೆ. ಫೈಲ್ ಮೆನುವಿನಲ್ಲಿ ಆನ್ ಮಾಡಬಹುದು.

ಇನ್ನು ಒಂದು ಅಭ್ಯಾಸ: ತೆರೆಯುವಾಗ ಫೈಲನ್ನಲ್ಲ, ಇಡೀ ಫೋಲ್ಡರನ್ನು ತೆರೆಯಿರಿ. ಹುಡುಕಾಟದ ಎಲ್ಲೆ, ಗಿಟ್, ಪ್ರಾಜೆಕ್ಟಿನ ಸೆಟ್ಟಿಂಗ್‌ಗಳು, ಟರ್ಮಿನಲ್ ಶುರುವಾಗುವ ಜಾಗ ಎಲ್ಲಕ್ಕೂ ಆ ಫೋಲ್ಡರೇ ಆಧಾರ. ಒಂದು ಮೆಟ್ಟಿಲು ಮೇಲಿನ ಫೋಲ್ಡರ್ ತೆರೆದರೆ ಟರ್ಮಿನಲ್ ಅಲ್ಲೇ ನಿಂತಿರುತ್ತದೆ, ನಿಮ್ಮ ಪ್ರೋಗ್ರಾಮು ಡೇಟಾ ಫೈಲ್ ಸಿಗುತ್ತಿಲ್ಲ ಎನ್ನುತ್ತದೆ. ಪೈಥಾನ್‌ನಲ್ಲಿ ಇದಕ್ಕೊಂದು ಸೋದರ ಸಮಸ್ಯೆ ಇದೆ. ಟರ್ಮಿನಲ್‌ನಲ್ಲಿ ಪಿಪ್ ಎಂಬ ಸಾಧನ ಬಳಸಿ ಹಾಕಿದ ಲೈಬ್ರರಿ ಒಂದು ಪೈಥಾನಿಗೆ ಸೇರಿರುತ್ತದೆ, ಎಡಿಟರ್ ಓಡಿಸುವುದು ಇನ್ನೊಂದನ್ನು. ಪೈಥಾನ್ ಫೈಲ್ ತೆರೆದಿರುವಾಗ ಸ್ಟೇಟಸ್ ಬಾರ್‌ನ ಬಲಗಡೆ ಕಾಣುವ ಆವೃತ್ತಿ ಸಂಖ್ಯೆಯನ್ನು ಒತ್ತಿ ಸರಿಯಾದ ಇಂಟರ್‌ಪ್ರಿಟರ್ (ಕೋಡನ್ನು ಓಡಿಸುವ ಪೈಥಾನ್) ಆರಿಸಿ. ಆಮೇಲೆ ಹೊಸ ಟರ್ಮಿನಲ್ ತೆರೆಯಿರಿ, ಮೊದಲೇ ತೆರೆದಿದ್ದದ್ದು ಹಳೆಯ ಪೈಥಾನನ್ನೇ ಹಿಡಿದುಕೊಂಡಿರಬಹುದು.

ಸ್ಟೇಟಸ್ ಬಾರ್ ಬಗ್ಗೆ ಜನಕ್ಕೆ ಅಸಡ್ಡೆ. ಸಣ್ಣಕ್ಷರದಲ್ಲಿ ಅದು ಹೇಳುವಷ್ಟು ಸುದ್ದಿಯನ್ನು ಪರದೆಯ ಬೇರಾವ ಭಾಗವೂ ಹೇಳುವುದಿಲ್ಲ. ಟ್ಯಾಬ್ ಕೀಲಿ ಒತ್ತಿದರೆ ಸಾಲು ಒಳಸರಿಯದೆ ಫೋಕಸ್ ಬೇರೆಡೆ ಹಾರುತ್ತಿದೆಯೇ? ತಿಳಿಯದೆ ಕಂಟ್ರೋಲ್+ಎಂ ಒತ್ತಿರುತ್ತೀರಿ. ‘ಟ್ಯಾಬ್ ಮೂವ್ಸ್ ಫೋಕಸ್’ ಎಂದು ಸ್ಟೇಟಸ್ ಬಾರ್‌ನಲ್ಲೇ ಬರೆದಿರುತ್ತದೆ. ಅದನ್ನೇ ಇನ್ನೊಮ್ಮೆ ಒತ್ತಿ. ಸಿಆರ್‌ಎಲ್‌ಎಫ್ ಅಥವಾ ಎಲ್‌ಎಫ್ ಎಂಬುದು ಸಾಲಿನ ಕೊನೆಯ ಗುರುತು. ವಿಂಡೋಸ್‌ನಲ್ಲಿ ಸಿಆರ್‌ಎಲ್‌ಎಫ್ ಆಗಿ ಉಳಿಸಿದ ಶೆಲ್ ಸ್ಕ್ರಿಪ್ಟು ಲಿನಕ್ಸ್ ಸರ್ವರಿನಲ್ಲಿ ಮುಗ್ಗರಿಸುತ್ತದೆ, ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಅಕ್ಷರ ಇಂಟರ್‌ಪ್ರಿಟರಿನ ಹೆಸರಿಗೆ ಅಂಟಿಕೊಳ್ಳುವುದರಿಂದ. ಅಲ್ಲೇ ಒತ್ತಿ ಎಲ್‌ಎಫ್ ಮಾಡಿ ಸೇವ್ ಮಾಡಿದರಾಯಿತು.

ಕನ್ನಡದ ಫೈಲುಗಳನ್ನು ಮುಟ್ಟುವವರು ನೋಡಬೇಕಾದ್ದು ಪಕ್ಕದ ಯುಟಿಎಫ್-8 ಎಂಬ ಗುರುತು. ಇದು ಫೈಲಿನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ. ಯುಟಿಎಫ್-8ರಲ್ಲಿ ಯೂನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅದನ್ನು ವಿಂಡೋಸ್-1252 ಎಂಬ ಹಳೆಯ ಲ್ಯಾಟಿನ್ ಪದ್ಧತಿಯಲ್ಲಿ ಓದಿಸಿದರೆ ಅಂಥ ಒಂದೊಂದು ಸಂಕೇತದ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆ ಮೂಡುತ್ತವೆ. ಗುರುತನ್ನು ಒತ್ತಿದರೆ ಎರಡು ಆಯ್ಕೆ: ‘ರೀಓಪನ್ ವಿತ್ ಎನ್‌ಕೋಡಿಂಗ್’, ‘ಸೇವ್ ವಿತ್ ಎನ್‌ಕೋಡಿಂಗ್’. ಮೊದಲನೆಯದು ಬೈಟುಗಳನ್ನು ಮುಟ್ಟದೆ ಮತ್ತೆ ಓದುತ್ತದೆ. ಎರಡನೆಯದು ಈಗ ಪರದೆಯ ಮೇಲೆ ಕಾಣುತ್ತಿರುವುದನ್ನೇ ಹೊಸದಾಗಿ ಬರೆಯುತ್ತದೆ. ಕಲಸಿಹೋದ ಪಠ್ಯ ಕಾಣುತ್ತಿರುವಾಗ ಎರಡನೆಯದನ್ನು ಒತ್ತಿದರೆ ಆ ಕಲಸುಮೇಲೋಗರವೇ ಫೈಲಿನಲ್ಲಿ ಖಾಯಂ. ಮೊದಲು ರೀಓಪನ್ ಮಾಡಿ, ಅಕ್ಷರಗಳು ನೆಟ್ಟಗಾದ ಮೇಲೆ ಸೇವ್.

ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಪಠ್ಯಕ್ಕೆ ಈ ಮದ್ದು ನಾಟುವುದಿಲ್ಲ. ಅಲ್ಲಿ ಫೈಲಿನೊಳಗೆ ಇರುವುದೇ ಲ್ಯಾಟಿನ್ ಸಂಕೇತಗಳು, ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್. ಎನ್‌ಕೋಡಿಂಗ್ ಏನೇ ಬದಲಿಸಿದರೂ ಕನ್ನಡ ಬರದು. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶವೇ ಬೇಕು.

ಕೋಡಿನೊಳಗಿನ ಓಡಾಟವೂ ಚಿಲ್ಲರೆ ವಿಷಯವಲ್ಲ. ಏಮಿ ಕೋ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಲಿಪ್ಸ್ ಎಂಬ ಎಡಿಟರಿನಲ್ಲಿ ಜಾವಾ ಕೋಡನ್ನು ತಿದ್ದುತ್ತಿದ್ದ 10 ಮಂದಿ ಡೆವಲಪರುಗಳು ಸರಾಸರಿ 35 ಪ್ರತಿಶತ ಸಮಯವನ್ನು ಫೈಲುಗಳ ಒಳಗೆ, ಫೈಲಿನಿಂದ ಫೈಲಿಗೆ ಓಡಾಡುವುದರಲ್ಲೇ ಕಳೆದಿದ್ದರು. ಓಡಾಟದ ವೆಚ್ಚವನ್ನು ಅಳೆಯಲು ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು 1980ರಲ್ಲೇ ಒಂದು ಮಾದರಿ ಕೊಟ್ಟಿದ್ದರು. ಸಾಮಾನ್ಯ ಟೈಪಿಂಗಿನ ಒಂದು ಕೀಲಿಗೆ 0.28 ಸೆಕೆಂಡ್, ಮೌಸಿನಿಂದ ಗುರಿ ಮುಟ್ಟಲು 1.1, ಕೀಬೋರ್ಡಿಗೂ ಮೌಸಿಗೂ ಕೈ ಬದಲಿಸಲು 0.4. ಕ್ಲಿಕ್ಕಿಗೆ 0.2 ಎಂದಿಟ್ಟುಕೊಳ್ಳಿ. ಕೀಬೋರ್ಡಿನಿಂದ ಕೈಯನ್ನು ಮೌಸಿಗೆ ಒಯ್ದು, ಫೈಲ್ ಪಟ್ಟಿಯಲ್ಲಿ ಮೂರು ಕಡೆ ಕ್ಲಿಕ್ ಮಾಡಿ ಫೈಲ್ ತೆರೆದು ಕೈಯನ್ನು ಕೀಬೋರ್ಡಿಗೆ ಮರಳಿಸಿದರೆ 4.7 ಸೆಕೆಂಡ್. ಕಂಟ್ರೋಲ್+ಪಿ, ಹೆಸರಿನ ನಾಲ್ಕು ಅಕ್ಷರ, ಎಂಟರ್: ಒಟ್ಟು 7 ಕೀಲಿ, ಸುಮಾರು 2 ಸೆಕೆಂಡ್. ಹೆಸರಿನ ಅಕ್ಷರಗಳು ಬಿಡಿಬಿಡಿಯಾಗಿ, ಅದೇ ಕ್ರಮದಲ್ಲಿ ಬಂದರೂ ಸಾಕು. ಯೋಚನೆಯ ಹೊತ್ತು ಎರಡಕ್ಕೂ ಬೇರೆ ಸೇರಿಸಬೇಕು. ಹೆಸರು ನೆನಪಿದ್ದಾಗ ಮಾತ್ರ ಈ ಲಾಭ. ಬೇರೆಯವರ ಪ್ರಾಜೆಕ್ಟಿಗೆ ಮೊದಲ ಸಲ ಕಾಲಿಟ್ಟಾಗ ಮೌಸ್ ಹಿಡಿದು ಫೋಲ್ಡರುಗಳನ್ನು ಬಿಚ್ಚಿ ನೋಡುವುದೇ ಜಾಣತನ. ‘ಮೌಸ್ ಮುಟ್ಟುವವನು ಪ್ರೋಗ್ರಾಮರೇ ಅಲ್ಲ’ ಎನ್ನುವ ಜಂಬಕ್ಕೆ ಅರ್ಥವಿಲ್ಲ.

ಕಂಟ್ರೋಲ್+ಪಿ ತೆರೆಯುವ ಆ ಪೆಟ್ಟಿಗೆಯಲ್ಲಿ ಮೊದಲ ಚಿಹ್ನೆ > ಆದರೆ ಕಮಾಂಡುಗಳು, @ ಆದರೆ ಈ ಫೈಲಿನ ಫಂಕ್ಷನ್ನುಗಳು, # ಆದರೆ ಇಡೀ ಪ್ರಾಜೆಕ್ಟಿನವು, : ಬರೆದು ಸಂಖ್ಯೆ ಕೊಟ್ಟರೆ ಆ ಸಾಲು. ಫಂಕ್ಷನ್ ಹೆಸರಿನ ಮೇಲೆ ಎಫ್12 ಒತ್ತಿದರೆ ಅದನ್ನು ಬರೆದ ಜಾಗಕ್ಕೆ ಹೋಗುತ್ತೀರಿ. ಎಲ್ಲರೂ ಇದನ್ನು ಕಲಿಯುತ್ತಾರೆ, ಹಿಂದಿರುಗುವುದನ್ನು ಕಲಿಯುವುದಿಲ್ಲ. ಆಲ್ಟ್ ಜೊತೆ ಎಡ ಬಾಣ (ಲಿನಕ್ಸ್‌ನಲ್ಲಿ ಕಂಟ್ರೋಲ್+ಆಲ್ಟ್ ಜೊತೆ ಅಡ್ಡಗೆರೆ) ಒತ್ತಿದರೆ ಹೊರಟ ಸಾಲಿಗೇ ವಾಪಸು. ಐದು ಫೈಲ್ ಆಳಕ್ಕಿಳಿದು ದಿಕ್ಕು ತಪ್ಪಿದವರಿಗೆ ಈ ಒಂದು ಕೀಲಿ ಸಾಕು.

ಡೀಬಗರ್‌ನಲ್ಲಿ ಎರಡು ವಿಷಯ ಎಡವಿಸುತ್ತವೆ. ಹಳದಿಯಾಗಿ ಬೆಳಗುತ್ತಿರುವ ಸಾಲು ಇನ್ನೂ ಓಡಿಲ್ಲ, ಮುಂದೆ ಓಡಲಿರುವುದು ಅದೇ. ಆದ್ದರಿಂದ ಆ ಸಾಲಿನಲ್ಲಿ ಮೊದಲ ಸಲ ಬೆಲೆ ಪಡೆಯುವ ಸಿ ವೇರಿಯಬಲ್ಲಿನಲ್ಲಿ ಕಸದ ಸಂಖ್ಯೆ ಕಂಡರೆ ಗಾಬರಿ ಬೇಡ. ಪ್ರೋಗ್ರಾಮು ಇಲ್ಲಿ ನಿಲ್ಲಲಿ ಎಂದು ಇಡುವ ಬ್ರೇಕ್‌ಪಾಯಿಂಟಿನ ಕೆಂಪು ಚುಕ್ಕೆ ಬೂದು ಬಣ್ಣದ ಟೊಳ್ಳು ವೃತ್ತವಾದರೆ ಡೀಬಗರಿಗೆ ಅದನ್ನು ಓಡುತ್ತಿರುವ ಪ್ರೋಗ್ರಾಮಿನಲ್ಲಿ ಗುರುತಿಸಲು ಆಗಿಲ್ಲ ಎಂದರ್ಥ. ಸಿ ಆದರೆ, ಡೀಬಗರಿಗೆ ಬೇಕಾದ ಮಾಹಿತಿ ಸೇರಿಸುವ -ಜಿ ಆಯ್ಕೆ ಕೊಡದೆ ಕಂಪೈಲ್ ಮಾಡಿದ್ದೀರಾ ನೋಡಿ. ಫಂಕ್ಷನ್ನಿನೊಳಗೆ ಇಳಿಯುವ ಕೀಲಿ ಎಫ್11. ಪ್ರೋಗ್ರಾಮು ಮುಗಿದದ್ದು ಗಮನಕ್ಕೆ ಬಾರದೆ ಅದನ್ನೇ ಇನ್ನೊಮ್ಮೆ ಒತ್ತಿದರೆ ಕಿಟಕಿ ಇಡೀ ಪರದೆ ತುಂಬಿಕೊಳ್ಳುತ್ತದೆ. ಏನೂ ಕೆಟ್ಟಿಲ್ಲ, ಮತ್ತೆ ಎಫ್11.

ಪ್ಯಾನೆಲ್‌ಗಳು ಎಳೆದಾಡಿ ಎಲ್ಲೆಲ್ಲೋ ಸೇರಿಹೋಗಿದ್ದರೆ ಕಮಾಂಡ್ ಪೆಟ್ಟಿಗೆಯಲ್ಲಿ (ಕಂಟ್ರೋಲ್+ಶಿಫ್ಟ್+ಪಿ) ‘ರೀಸೆಟ್ ವ್ಯೂ ಲೊಕೇಷನ್ಸ್’ ಹುಡುಕಿ. ಯಾವುದೋ ಎಕ್ಸ್‌ಟೆನ್ಷನ್ ಕಾಟ ಕೊಡುತ್ತಿದೆ, ಯಾವುದೆಂದು ತಿಳಿಯುತ್ತಿಲ್ಲ ಎಂದಾದರೆ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಇದೆ. ಅದು ಅರ್ಧದಷ್ಟನ್ನು ಆಫ್ ಮಾಡಿ ‘ಈಗ ಸರಿಯಿದೆಯೇ?’ ಎಂದು ಕೇಳುತ್ತದೆ, ನಿಮ್ಮ ಉತ್ತರ ನೋಡಿ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತದೆ. 16 ಎಕ್ಸ್‌ಟೆನ್ಷನ್‌ಗಳಿದ್ದರೆ ಸುಮಾರು 4 ಸುತ್ತಿನಲ್ಲಿ ಹೆಸರು ಸಿಗುತ್ತದೆ. ಒಂದೊಂದೇ ಆಫ್ ಮಾಡುತ್ತ ಹೋದರೆ 15 ಸಲ ನೋಡಬೇಕಾದೀತು. ಪ್ರತಿ ಸುತ್ತಿಗೂ ಕಿಟಕಿ ರೀಲೋಡ್ ಆಗುತ್ತದೆ, ಹಾಗಾಗಿ ಟರ್ಮಿನಲ್‌ನಲ್ಲಿ ಉದ್ದನೆಯ ಕೆಲಸವೇನಾದರೂ ಓಡುತ್ತಿದ್ದರೆ ಅದು ಮುಗಿಯುವ ತನಕ ಕಾಯಿರಿ.